ನೀಲಿ ಗಾಜಿನ ಮೇಲಿನ ಕೈಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಚಾಕಲೇಟ್ ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ ಗಾಜಣ್ಣ ಕಿಟಕಿಯ ಮುಂದೆ ಮಂಡಿಯೂರಿ ಕೂತಿದ್ದಾರೆ. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಚೌಕಟ್ಟಿಗೆ ಗಾಜು ಕಚ್ಚಿಸಿರುವ ಗಟ್ಟಿ ಅಂಟಿಗೆ, ಅಂದರೆ ಪುಟ್ಟಿಗೆ, ಒತ್ತಿ ಹಿಡಿದು, ಅದು ಮೆತ್ತಗಾಗುತ್ತಲೇ ತೆಳುವಾದ ಚಾಕುವಿನಿಂದ ಎಬ್ಬಿಸುತ್ತಾರೆ. ಶಾಖ ಹೆಚ್ಚಾದರೆ ಗಾಜು ಟಪ್ಪೆಂದು ಸೀಳುತ್ತದೆ, ಕಡಿಮೆಯಾದರೆ ಪುಟ್ಟಿ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಕೊನೆಗೆ ಗೇಣಗಲದ ನೀಲಿ ಗಾಜೊಂದು ಚೌಕಟ್ಟು ಬಿಟ್ಟು ಅವರ ಕೈಗೆ ಬರುತ್ತದೆ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಅವರು ಆಗಲೇ ಬಿಡುವುದು.

ಗಾಜಣ್ಣ ಎಂಬುದು ಜೊತೆಯ ಕೆಲಸಗಾರರು ಇಟ್ಟ ಹೆಸರು. ಪ್ರಾಯದಿಂದಲೂ ಕಿಟಕಿಗಳಿಗೆ ಗಾಜು ಕೂರಿಸುತ್ತ ಬಂದವರು, ಈಗ ಅರವತ್ತರ ಹತ್ತಿರ. ಬೆರಳುಗಳಲ್ಲಿ ಗಾಯದ ಗುರುತಿಲ್ಲದ ಜಾಗ ಹುಡುಕಬೇಕು. ಮುಚ್ಚಿಹೋದ ಈ ಕಾರ್ಖಾನೆ ಸಾರ್ವಜನಿಕ ಗ್ರಂಥಾಲಯವಾಗುತ್ತಿದೆ, ಒಡೆದ ಗಾಜುಗಳನ್ನು ಬದಲಿಸಲು ಅವರನ್ನು ಕರೆಸಿದ್ದಾರೆ. ಕೊರೆಯುವ ಯಂತ್ರಗಳು ಶುರುವಾದರೆ ಗೋಡೆಯೇ ನಡುಗುವುದರಿಂದ ಹಳೆಯ ಗಾಜು ಬಿಚ್ಚುವ ಕೆಲಸವೆಲ್ಲ ಬೆಳಗಿನ ಜಾವದಲ್ಲೇ ಮುಗಿಯಬೇಕು. ದಿನಕ್ಕೆ ಹತ್ತು ಬಿಚ್ಚಿದರೆ ದೊಡ್ಡದು.

ಕಟ್ಟಡ ನೋಡುವಂಥದ್ದು. ಕೋಕೋ ಬೀಜದ ಚೀಲಗಳನ್ನು ಹಗ್ಗ ಕಟ್ಟಿ ನೇರ ಮೇಲಿನ ಮಹಡಿಗೆ ಎಳೆಯುತ್ತಿದ್ದರಂತೆ. ಅಲ್ಲಿ ಹುರಿದದ್ದು ಮರದ ಜಾರುಬಂಡಿಯಲ್ಲಿ ಇಳಿದು ಕೆಳಗಿನ ಮಹಡಿಯಲ್ಲಿ ಅರೆಯಲು ಹೋಗುತ್ತಿತ್ತು, ಅರೆದದ್ದು ಇನ್ನೂ ಕೆಳಗಿಳಿದು ಅಚ್ಚಿಗೆ ಬೀಳುತ್ತಿತ್ತು. ಮೇಲೆ ಹತ್ತಿಸುವುದು ಒಂದೇ ಸಲ, ಉಳಿದ ಕೆಲಸ ತಾನಾಗಿ ಇಳಿದುಕೊಂಡು ಹೋಗುತ್ತಿತ್ತು. ಛಾವಣಿಯ ಮಳೆನೀರು ಟೊಳ್ಳಾದ ಕಬ್ಬಿಣದ ಕಂಬಗಳ ಒಳಗಿಂದಲೇ ಹರಿದು ಹೋಗುತ್ತದೆ, ಕಂಬಕ್ಕೆ ಕಿವಿಯಿಟ್ಟರೆ ಈಗಲೂ ಸದ್ದು ಕೇಳುತ್ತದೆ. ಕಟ್ಟಿಸಿದವನು ಜಾಣ. ಸಂಜೆಯ ಬಿಸಿಲಿಗೆ ಚಾಕಲೇಟ್ ಕರಗೀತೆಂದು ಪಶ್ಚಿಮಕ್ಕೆ ಒಂದು ಕಿಟಕಿಯನ್ನೂ ಇಟ್ಟಿರಲಿಲ್ಲ.

ಆದರೆ ವ್ಯಾಪಾರ ಕುದುರಿತು, ಜಾಗ ಸಾಲದಾಯಿತು. ಅವನ ಮಗ ಕಾಗದ ಸುತ್ತುವ ಹೆಂಗಸರಿಗಾಗಿ ಪಶ್ಚಿಮದ ಕಡೆಗೇ ಒಂದು ಉದ್ದನೆಯ ಕೋಣೆ ಹೊರಚಾಚಿದ, ಸಾಲಾಗಿ ಕಿಟಕಿಗಳನ್ನೂ ಇಟ್ಟ. ಅಪ್ಪ ತಪ್ಪಿಸಿಕೊಂಡಿದ್ದ ಬಿಸಿಲು ಮಗನಿಗೆ ಗಂಟುಬಿತ್ತು. ಅದಕ್ಕೆ ಮದ್ದು ಕಂಡುಹಿಡಿದವರು ಆ ಹೆಂಗಸರೇ. ಪ್ರತಿ ಬೇಸಿಗೆ ಶುರುವಿನಲ್ಲಿ ಸುಣ್ಣಕ್ಕೆ ನೀಲಿ ಮತ್ತು ಅಂಟು ಬೆರೆಸಿ ಗಾಜಿನ ಒಳಮೈಗೆ ಬಳಿಯುತ್ತಿದ್ದರು. ಹಸಿ ಆರುವ ಮೊದಲು ತಂತಮ್ಮ ಮೇಜಿನ ಪಕ್ಕದ ಗಾಜಿಗೆ ಒಬ್ಬೊಬ್ಬರೂ ಅಂಗೈ ಒತ್ತುತ್ತಿದ್ದರು. ಮಳೆ ಹಿಡಿದ ಮೇಲೆ ಎಲ್ಲವನ್ನೂ ತೊಳೆದುಬಿಡುತ್ತಿದ್ದರು. ಮೂವತ್ತು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆ ವರ್ಷದ ಕೈಗಳನ್ನು ಯಾರೂ ತೊಳೆಯಲಿಲ್ಲ.

ಆ ಸಾಲಿನಲ್ಲಿ ಗಾಜಣ್ಣನ ಅಕ್ಕನೂ ಇದ್ದರು. ತಾಯಿಯಿಲ್ಲದ ತಮ್ಮನನ್ನು ಸಾಕಲೆಂದು ಎಳೆಯ ವಯಸ್ಸಿನಲ್ಲೇ ಇಲ್ಲಿ ಕೆಲಸ ಕೇಳಿಕೊಂಡು ಬಂದವರು. ಬಂದವರ ಅಂಗೈಯನ್ನು ಮೇಲ್ವಿಚಾರಕಿ ತನ್ನ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದಳಂತೆ. ಬೆಚ್ಚಗಿದ್ದರೆ ಪೆಟ್ಟಿಗೆ ಹೊರುವ ಕೆಲಸ, ತಣ್ಣಗಿದ್ದರೆ ಕಾಗದ ಸುತ್ತುವ ಕೆಲಸ. ಅಕ್ಕನ ಕೈಯ ತಣುಪು ತಗುಲಿದ್ದೇ ಅವಳು ಬೆಚ್ಚಿಬಿದ್ದಳೆಂದು ಗಾಜಣ್ಣ ನಗುತ್ತಾರೆ. "ಆ ಕೈ ದುಡಿದಿದ್ದಕ್ಕೇ ನಾನು ಅನ್ನ ತಿಂದಿದ್ದು. ಗಾಜು ಕೊಯ್ಯೋ ಮೊದಲನೇ ವಜ್ರದ ಪೆನ್ಸಿಲ್ಲೂ ಅಕ್ಕ ಕೊಡಿಸಿದ್ದೇ" ಎನ್ನುತ್ತಾರೆ.

ಇಷ್ಟೆಲ್ಲ ಗೊತ್ತಿದ್ದ ಗಾಜಣ್ಣನಿಗೆ ನೀಲಿಯ ವಿಷಯ ಮಾತ್ರ ಗೊತ್ತಿರಲಿಲ್ಲ. ಕಾರ್ಖಾನೆಯಿಂದ ಬಂದ ಅಕ್ಕನ ಕೂದಲಿಗೆ ಚಾಕಲೇಟಿನ ವಾಸನೆ ಇರುತ್ತಿತ್ತು, ಅಷ್ಟೇ ಅವರಿಗೆ ನೆನಪು. ಕೆಲಸಕ್ಕೆ ಬಂದ ಮೊದಲ ವಾರ, ಧೂಳು ಕೂತು ಮಣ್ಣಾಗಿದ್ದ ಕೊನೆಯ ಕಿಟಕಿಯನ್ನು ಕಂಡು ಅವರಿಗೆ ಹೇಸಿಗೆಯಾಯಿತು. ಬ್ಲೇಡು ಹಿಡಿದು ಕೆರೆದರು, ಫಳಫಳ ಹೊಳೆಯುವಂತೆ ಉಜ್ಜಿದರು, ಭಾನುವಾರ ಅಕ್ಕನನ್ನು ಹೆಮ್ಮೆಯಿಂದ ಕರೆತಂದು ತೋರಿಸಿದರು. ಪಕ್ಕದ ಕಿಟಕಿಯ ನೀಲಿಯನ್ನೂ ಈ ಬರಿಗಾಜನ್ನೂ ಅಕ್ಕ ಬಹಳ ಹೊತ್ತು ನೋಡಿದರು. ಆ ಕಿಟಕಿಯ ಮುಂದಿನ, ಜಾರುಬಂಡಿಯ ಪಕ್ಕದ ಮೇಜು ಅವರದೇ ಆಗಿತ್ತು. ಹೇಳಬೇಕಾದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮೆಟ್ಟಿಲಿಳಿದು ಹೋದರು.

"ಯಾರೋ ಕೊಳೆ ಕೈ ಒರೆಸಿದ್ದಾರೆ ಅಂದ್ಕೊಂಡಿದ್ದೆ. ನಮ್ಮಕ್ಕನ ಕೈನ ನಾನೇ ಕೆರೆದು ಹಾಕಿದ್ದೆ" ಎನ್ನುವಾಗ ಅವರು ಮುಖ ತಿರುಗಿಸಿಕೊಳ್ಳುತ್ತಾರೆ.

ಅಂದಿನಿಂದ ಅವರಿಗೆ ಒಂದೇ ಹಟ, ಮಿಕ್ಕ ಕೈಗಳು ಉಳಿಯಲೇಬೇಕು. ಓದುವವರಿಗೆ ಬೆಳಕು ಬೇಕು, ನೀಲಿ ಇರಲಾಗದು ಎಂಬುದು ಗ್ರಂಥಾಲಯದ ಕೆಲಸ ನೋಡಿಕೊಳ್ಳುವ ಎಂಜಿನಿಯರಮ್ಮನ ಮಾತು, ಅದೂ ನ್ಯಾಯವೇ. ಗಾಜಣ್ಣ ಆಕೆಯ ಬೆನ್ನು ಬಿಡಲಿಲ್ಲ. ಕೊನೆಗೆ ಇಬ್ಬರೂ ಕೂಡಿ ದಾರಿ ಕಂಡುಕೊಂಡರು. ಕೈಗುರುತಿನ ಗಾಜುಗಳನ್ನು ಒಡೆಯದೆ ಬಿಚ್ಚಿ ಮೇಲಿನ ಸಾಲಿಗೆ ಏರಿಸುವುದು, ಕೆಳಗೆ ಹೊಸ ಗಾಜು. ಮೇಲಿನ ಸಾಲು ಬಹುಪಾಲು ತುಂಬಿದೆ. ಇವತ್ತು ಬಿಚ್ಚಿದ್ದೂ ಏರಿದರೆ ಖಾಲಿ ಉಳಿಯುವುದು ಒಂದೇ ಒಂದು ಚೌಕ, ಅದು ಅಕ್ಕನ ಕೈಗೆ. ಅದಕ್ಕೆಂದು ಅಳತೆಗೆ ಕೊಯ್ದ ಗಾಜು ವಾರಗಳಿಂದ ಕಾಯುತ್ತಿದೆ. ಮನೆಯಲ್ಲಿ ಊರಿನ ಸುದ್ದಿಯೆಲ್ಲ ಮಾತಾಡುವ ಅಕ್ಕ ಈ ಮಾತೆತ್ತಿದರೆ ಮಾತ್ರ ಒಲೆಯ ಕಡೆ ತಿರುಗುತ್ತಾರಂತೆ. ನಾಳೆ ಆಳುಗಳು ಅಟ್ಟಣಿಗೆ ಬಿಚ್ಚುತ್ತಾರೆ. ಆಮೇಲೆ ಅಷ್ಟು ಎತ್ತರಕ್ಕೆ ಕೈ ಎಟುಕುವುದಿಲ್ಲ.

ಹಾಗಾಗಿ ಇವತ್ತು ಗಾಜಣ್ಣ ಊಟದ ಡಬ್ಬಿ ಮರೆತು ಬಂದಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಮರೆಯದವರು. ಬಕೆಟ್ಟಿನಲ್ಲಿ ನೀಲಿ ಕಲಸಿಟ್ಟು, ಕಿವಿಯನ್ನು ಮೆಟ್ಟಿಲ ಕಡೆಗೇ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಾರೆ.

ಬಿಸಿಲು ಏರುವ ಹೊತ್ತಿಗೆ ಚಪ್ಪಲಿಯ ಸದ್ದು ಕೇಳುತ್ತದೆ. ಏದುಸಿರು ಬಿಡುತ್ತ ಬಂದ ಅಕ್ಕ ಡಬ್ಬಿಯನ್ನು ಕುಕ್ಕಿ ಇಡುತ್ತಾರೆ. "ಬೇಕಂತಲೇ ಬಿಟ್ಟು ಬಂದಿದ್ದೀಯ. ನನಗೇನು ಗೊತ್ತಾಗಲ್ವಾ?"

ಗಾಜಣ್ಣ ಕೊಯ್ದಿಟ್ಟ ಗಾಜಿಗೆ ನೀಲಿ ಬಳಿದು ಮೇಜಿನ ಮೇಲಿಡುತ್ತಾರೆ. ಅಕ್ಕ ತಲೆಯೆತ್ತಿ ಮೇಲಿನ ಸಾಲನ್ನು ನೋಡುತ್ತಾರೆ. ಒಂದೊಂದು ಕೈಯನ್ನೂ ಗುರುತು ಹಿಡಿಯುತ್ತ, ಇದು ಉದ್ದ ಜಡೆಯವಳದು, ಇದು ಹಾಡುವವಳದು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಆಮೇಲೆ ರವಿಕೆಯ ತೋಳು ಮೇಲೆ ಸರಿಸಿ ಅಂಗೈ ಒತ್ತುತ್ತಾರೆ. ಸಂಧಿವಾತಕ್ಕೆ ಬಾಗಿದ ಕಿರುಬೆರಳು ಗಾಜಿಗೆ ತಾಗುವುದೇ ಇಲ್ಲ. ಗುರುತು ಮೂಡುವುದು ನಾಲ್ಕೇ ಬೆರಳಿನದು.

"ಹಳೇದು ಹೋಯ್ತು ಅಂತ ಎಷ್ಟು ದಿನ ಕೊರಗ್ತೀಯೋ? ಇದೂ ನಂದೇ ಕೈ" ಎನ್ನುತ್ತಾರೆ ಅಕ್ಕ. ಗಾಜಣ್ಣ ಅತ್ತೇಬಿಡುತ್ತಾರೆ, ಅದನ್ನು ಮರೆಮಾಚುವುದೂ ಇಲ್ಲ. ನೀಲಿ ಮೆತ್ತಿದ ಆ ಕೈ ಅವರ ಕೆನ್ನೆಗೆ ತಗುಲುತ್ತದೆ, ಅದು ಇನ್ನೂ ತಣ್ಣಗೇ ಇದೆಯಂತೆ.

ಗಾಜು ಆರಿದ ಮೇಲೆ ಅದನ್ನು ಖಾಲಿ ಚೌಕದಲ್ಲಿ ಕೂರಿಸಿ, ಅಂಚಿಗೆ ಪುಟ್ಟಿ ಒತ್ತಿ, ಅಟ್ಟಣಿಗೆಯಿಂದ ಇಳಿಯುತ್ತ ಗಾಜಣ್ಣ, ಪತ್ರಿಕೆಗೆ ಬರೆಯಲು ಬಂದವರ ಮುಂದೆ ಒಂದೇ ಒಂದು ಕೋರಿಕೆ ಇಡುತ್ತಾರೆ.

"ಪೇಪರಲ್ಲಿ ನನ್ನ ಹೆಸರು ಗಿಸರು ಬೇಡ. ಮುಂದೆ ಈ ಕಿಟಕಿ ಒರೆಸೋಕೆ ಬರೋರಿಗೆ ಗೊತ್ತಾಗೋ ಹಾಗೆ ಬರೀರಿ, ಇದು ಕೊಳೆ ಅಲ್ಲ ಅಂತ."