ವರ್ಷದ ಚೀನಾ ಹಾಡುಗಳು

ಕೊಲ್ಲಿ ದೇಶದ ರಾಯ್ ಎಂಬ ಬಡಾವಣೆಯಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸುತ್ತಿದ್ದ ಮಂಗಳೂರಿನವರೊಬ್ಬರು ಪರೀಕ್ಷೆಗೆ ಹಾಕುತ್ತಿದ್ದದ್ದು ಚೀನಾದ ಸ್ವತಂತ್ರ ಬ್ಯಾಂಡುಗಳ ಹಾಡುಗಳನ್ನೇ. ಗಿರಾಕಿಗಳು ಮುಖ ಸಿಂಡರಿಸಿದರೆ ಡ್ಯಾಶ್‌ಬೋರ್ಡಿಗೆ ಅಂಗೈ ಒತ್ತಿ, "ಅರ್ಥ ಆಮೇಲೆ, ಮೊದಲು ಕೇಳಿ ಮಾರಾಯ್ರೆ" ಅನ್ನುತ್ತಿದ್ದರು.

ಒಂದು ಡಿಸೆಂಬರಿನಲ್ಲಿ, ಆ ವರ್ಷದ ಅತ್ಯುತ್ತಮವೆಂದು ಅವರು ಆರಿಸಿದ್ದ ಹಾಡುಗಳ ಪೆನ್‌ಡ್ರೈವ್, ಸ್ಪೀಕರ್ ಕೂರಿಸಿಕೊಂಡು ಬಂದ ನನ್ನ ಕಾರಿನಲ್ಲೇ ಉಳಿಯಿತು. ಬೇರೆ ಪ್ರತಿ ಇರಲಿಲ್ಲ. ನನ್ನದೆಂದುಕೊಂಡು ಅದನ್ನು ಅಳಿಸಿ ಮಗಳ ಪಾಠಗಳನ್ನು ತುಂಬಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅದನ್ನು ಹಿಡಿದು ಅವರ ಅಂಗಡಿಗೆ ಹೋಗಿ ಒಪ್ಪಿಕೊಂಡೆ.

"ಇಡೀ ವರ್ಷ ಹುಡುಕಿದ್ದು ಖಲಾಸಾ?" ಎಂದು ನನ್ನ ಕೈಯಿಂದ ಪೆನ್‌ಡ್ರೈವ್ ತೆಗೆದುಕೊಂಡರು. ನೋಡೋಣವೆಂದು ಕಾರಿನ ಸ್ಟೀರಿಯೊಗೆ ಚುಚ್ಚಿದರು. ಗಿಟಾರು ಮೊಳಗಿತು, ಹಿಂದೆಯೇ ಚೀನೀ ಹೆಣ್ಣುದನಿ. ಇಬ್ಬರೂ ಉಸಿರುಬಿಟ್ಟೆವು.

"ಹಾಗಾದ್ರೆ ನಾನು ಅಳಿಸಿದ್ದೇನು?" ಅಂದೆ.

"ಅದು ನಿಮ್ಮ ತಲೆಬಿಸಿ," ಎಂದು ನಗುತ್ತಾ ಹಾಡಿನ ಧ್ವನಿ ಏರಿಸಿದರು.