ತೊಟ್ಟಿಯೊಳಗಿನ ಸದ್ದು ಮತ್ತು ನೀಲಮ್ಮ

ಬೆಂಗಳೂರಿನ ವಿಜಯನಗರದ ಪಕ್ಕದ ಆರ್‌ಪಿಸಿ ಲೇಔಟಿನಲ್ಲಿದ್ದ ನೀಲಮ್ಮ ದಾವಣಗೆರೆಯ ಕಡೆಯವಳು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಎಂಬತ್ತರ ದಶಕದ ನಡುವಿನಲ್ಲಿ ರಾಜಾಜಿನಗರದ ಒಂದು ಸಣ್ಣ ಬೇರಿಂಗ್ ಕಾರ್ಖಾನೆಯನ್ನು ಸೇರಿದಳು. ತಿಳಿದದ್ದನ್ನು ತಿಳಿದಿದೆ ಎಂದೇ ಹೇಳುವ ಹೆಣ್ಣುಮಗಳು ಆಕೆ. ಕೆಲವರು ಅದಕ್ಕೆ ಜಂಬವೆಂದು ಹೆಸರಿಟ್ಟಿದ್ದರು.

ಅಲ್ಲಿ ಉಕ್ಕನ್ನು ಉಜ್ಜುವ ಯಂತ್ರಗಳ ಮೇಲೆ ಹಾಲಿನ ಬಣ್ಣದ ಕೂಲೆಂಟ್ ಸದಾ ಹರಿಯುತ್ತಿರಬೇಕು. ನೀರಿಗೆ ಎಣ್ಣೆ ಬೆರೆಸಿ ಮಾಡಿದ ಆ ದ್ರವ ತೆಳುವಾದರೆ ಮಾಡಿಟ್ಟ ಮಾಲೆಲ್ಲ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ನೀಲಮ್ಮ ತೊಟ್ಟಿಯಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್ ಇಳಿಬಿಟ್ಟಿದ್ದಳು. ಅದರ ಒಂದು ಮುಖದಿಂದ ಹೊರಟ, ಕಿವಿಗೆ ಕೇಳಿಸದ ಸದ್ದು ಎದುರಿನ ಮುಖವನ್ನು ಎಷ್ಟು ಬೇಗ ಮುಟ್ಟುತ್ತದೆಂಬುದರಿಂದ ಎಣ್ಣೆಯ ಪ್ರಮಾಣವನ್ನು ಮೀಟರಿನ ಮುಳ್ಳು ತೋರಿಸುತ್ತಿತ್ತು. ಎಣ್ಣೆ ಕಡಿಮೆಯಾದಷ್ಟೂ ಸದ್ದು ನಿಧಾನ, ಮುಳ್ಳು ಕೆಳಗೆ.

ಆಯುಧಪೂಜೆಯ ರಜೆ ಕಳೆದು, ಹೊಸ ಕೂಲೆಂಟ್ ತುಂಬಿದ ಬೆಳಿಗ್ಗೆ ಮುಳ್ಳು ತಳಕ್ಕೆ ಬಿದ್ದಿತ್ತು.

“ತುಂಬಿಸಿದ ಕೈ ಇನ್ನೂ ಆರಿಲ್ಲ, ಆಗ್ಲೇ ತೆಳುವಾಯ್ತು ಅಂತದಲ್ಲಮ್ಮ ನಿಮ್ಮ ಡಬ್ಬ. ಬಿಚ್ಚಿ ವಾಪಸ್ ಕಳಿಸ್ಬಿಡಿ,” ಎಂದರು ಮಾಲೀಕ ಗಂಗಾಧರಯ್ಯ.

“ಮಧ್ಯಾಹ್ನದ ತನಕ ಬಿಡಿ ಸಾರ್. ತಪ್ಪು ಎಲ್ಲಿದೆ ಅಂತ ತೋರಿಸ್ತೀನಿ. ಇಲ್ದಿದ್ರೆ ನಾನೇ ಬಿಚ್ತೀನಿ.”

ಆಕೆ ಬಕೆಟ್ಟಿನಲ್ಲಿ ನಲ್ಲಿಯ ನೀರು ಹಿಡಿದು ಸೆನ್ಸರನ್ನು ಮುಳುಗಿಸಿದಳು. ಬರಿಯ ನೀರಿಗೆ ಮುಳ್ಳು ಎಲ್ಲಿ ನಿಲ್ಲಬೇಕೆಂದು ಮೀಟರಿನ ಗಾಜಿನ ಮೇಲೆ ಗೆರೆಯಿತ್ತು. ಮುಳ್ಳು ಅದಕ್ಕಿಂತಲೂ ಕೆಳಗಿಳಿಯಿತು. ಹಾಗಾದರೆ ಕೂಲೆಂಟಿನ ತಪ್ಪಲ್ಲ, ಸೆನ್ಸರಿನದೇ. ಬಗ್ಗಿ ನೋಡಿದಳು. ಎರಡು ಮುಖಗಳ ಮೇಲೂ ದುಂಡನೆಯ ಕುಂಕುಮದ ಬೊಟ್ಟು; ಬೊಟ್ಟಿನ ತುಂಬ ಗಾಳಿಗುಳ್ಳೆಗಳು ಅಂಟಿಕೊಂಡು ಸದ್ದನ್ನು ತಡೆದು ನಿಧಾನ ಮಾಡುತ್ತಿದ್ದವು.

“ಬೈರಪ್ಪಣ್ಣ, ಇದಕ್ಕೂ ಪೂಜೆ ಮಾಡಿದ್ರಾ?”

ಹಳೆಯ ಫಿಟ್ಟರ್ ಬೈರಪ್ಪ ತಲೆ ಕೆರೆದುಕೊಂಡ. “ಎಲ್ಲಾ ಮಿಷನ್‌ಗೂ ಇಟ್ಟು ಇದೊಂದನ್ನ ಬಿಡಕ್ಕಾಯ್ತದಾ ತಾಯಿ? ಜಿಡ್ಡು ಕಬ್ಬಿಣಕ್ಕೆ ಕುಂಕುಮ ನಿಲ್ಲಲ್ಲ ಅಂತ ಗ್ರೀಸಲ್ಲಿ ಕಲಸಿಟ್ಟೆ.”

“ಚೆನ್ನಾಗೇ ನಿಂತಿದೆ. ಪಾಪ, ಅದರ ಕಿವಿಗೆ ಹತ್ತಿ ತುರುಕಿದಂಗಾಗಿದೆ.”

ಸೀಮೆಎಣ್ಣೆಯಲ್ಲಿ ಒರೆಸಿ ಮತ್ತೆ ನೀರಿಗಿಟ್ಟಾಗ ಮುಳ್ಳು ಗೆರೆಯ ಮೇಲೆ ನಿಂತಿತು. ತೊಟ್ಟಿಗಿಳಿಸಿದಾಗ ಇರಬೇಕಾದ ಜಾಗಕ್ಕೆ ಏರಿತು.

ಗಂಗಾಧರಯ್ಯನವರು ಸುಲಭಕ್ಕೆ ಒಪ್ಪುವವರಲ್ಲ. ನೀಲಮ್ಮನನ್ನು ಹೊರಗೆ ಕಳಿಸಿ, ಬಕೆಟ್ಟಿನಲ್ಲಿ ಕೂಲೆಂಟ್ ತುಂಬಿಕೊಂಡು, ಅದಕ್ಕೆ ತಾವೇ ನೀರು ಸುರಿದರು. ಆಕೆ ಒಳಗೆ ಬಂದು ಸೆನ್ಸರ್ ಇಳಿಬಿಟ್ಟಳು; ಮುಳ್ಳು ಕೆಳಗೆ ಜಾರಿತು.

“ನೀರು ಬೆರೆಸಿದೀರಿ ಸಾರ್. ನಮ್ಮ ಹಾಲಿನವನೂ ಇಷ್ಟೊಂದು ಬೆರೆಸಲ್ಲ.”

ಬೈರಪ್ಪ ಅತ್ತ ತಿರುಗಿ ನಕ್ಕ. ಗಂಗಾಧರಯ್ಯನವರು ಕೈ ಒರೆಸಿಕೊಂಡರು.

“ಸರಿ, ಡಬ್ಬ ಅಲ್ಲೇ ಇರಲಿ. ಮಿಷನ್ ಶುರು ಮಾಡ್ರಪ್ಪ.”