ಬೀಗದಣ್ಣನ ಬಿಗಿ ಕಾವಲು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಷ್ಟು ಕಾಲ ಆ ಮನುಷ್ಯ ಕಾಲಿಟ್ಟ ಬೀದಿಯಲ್ಲಿ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಅವನ ನೆರಳು ಬಿದ್ದರೆ ಕಿಲೋ ಕಲ್ಲು ಬೆವರಿ ಇನ್ನೂ ಹಗುರಾಗುತ್ತಿತ್ತೆಂದು ವ್ಯಾಪಾರಿಗಳು ಹೇಳಿಕೊಂಡು ನಗುತ್ತಿದ್ದರು, ಅದೂ ಅವನು ಬೀದಿ ದಾಟಿದ ಮೇಲೆ. ಅಂಥವನಿಗೆ ನಿವೃತ್ತಿ ಬಂತು. ಪರೀಕ್ಷೆ ಮಾಡಲು ಏನೂ ಸಿಗದೆ ಕೈ ಕಡಿಯತೊಡಗಿತು. ಅಡುಗೆಮನೆಯ ಚಮಚಗಳನ್ನೆಲ್ಲ ಅಳೆದು ಒಂದನ್ನು ಮುಟ್ಟುಗೋಲು ಹಾಕಿಕೊಂಡ ದಿನ ಹೆಂಡತಿ ಅವನನ್ನು ಎಳೆದುತಂದು ತನ್ನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರಿಸಿದಳು. ಹುಲಿಯನ್ನು ಬೋನಿಗೆ ಹಾಕಿದೆ ಎಂದುಕೊಂಡಳು. ಆ ಬೋನಿನಿಂದ ಲೋಕದ ಎಲ್ಲರ ಮನೆ ಬಾಗಿಲೂ ಕಾಣುತ್ತದೆಂಬುದು ಪಾಪ ಅವಳಿಗೆ ಹೊಳೆಯಲಿಲ್ಲ.

ಅವಳದು ವಿಗ್ ಅಂಗಡಿ. ಬೀದಿಯವರೆಲ್ಲ ಅವಳನ್ನು ಕೂದಲಕ್ಕ ಎನ್ನುತ್ತಿದ್ದರು. ಮರದ ತಲೆಗೆ ಬಲೆ ಬಿಗಿದು, ಕೊಕ್ಕೆಸೂಜಿಯಲ್ಲಿ ಎಳೆ ಎಳೆಯಾಗಿ ಕೂದಲು ಗಂಟು ಹಾಕುವ ಕೆಲಸ. ಅವಳು ಮಾಡಿದ ವಿಗ್ಗಿನಲ್ಲಿ ಹೇನು ಕೂಡ ಮೋಸಹೋಗಿ ಸಂಸಾರ ಹೂಡುತ್ತಿತ್ತು. ಆದರೆ ಈ ವ್ಯಾಪಾರಕ್ಕೊಂದು ವಿಚಿತ್ರ ಕಷ್ಟ: ಗಿರಾಕಿ ಮುಂಬಾಗಿಲಿನಿಂದ ಬರುವುದಿಲ್ಲ. ವಿಗ್ ಅಂಗಡಿಯ ಮೆಟ್ಟಿಲು ಹತ್ತುವುದೂ ಒಂದೇ, ‘ನಾನು ಬೋಳ’ ಎಂದು ಡಂಗುರ ಸಾರುವುದೂ ಒಂದೇ. ಹಾಗಾಗಿ ಅಂಗಡಿ ಬದುಕಿದ್ದೇ ವೆಬ್‌ಸೈಟಿನ ಮೇಲೆ. ಬೋಳುತಲೆಗಳು ಮನೆಯಲ್ಲೇ ಕದ ಹಾಕಿಕೊಂಡು, ತಲೆಗೆ ಟೇಪು ಸುತ್ತಿ, ಅಳತೆ ಕಳಿಸುತ್ತಿದ್ದವು.

ಗಂಡನ ತಲೆಯ ಮೇಲಿದ್ದದ್ದೂ ಅವಳದೇ ಕೈಕೆಲಸ. ಈ ಗುಟ್ಟು ಬೀದಿಯಲ್ಲಿ ಗಂಡ ಹೆಂಡತಿಗಲ್ಲದೆ ಇನ್ನಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಅನುಮಾನ ಬಾರದಿರಲೆಂದು ತಿಂಗಳಿಗೊಮ್ಮೆ ಪಕ್ಕದ ಕಟಿಂಗ್ ಶಾಪಿಗೆ ಹೋಗಿ ಕೂರುತ್ತಿದ್ದ. ಕಟಿಂಗ್‌ನವನು ಬಿಳಿ ಬಟ್ಟೆ ಹೊದಿಸಿ, ಅವನ ಕಿವಿಯ ಹತ್ತಿರ ಗಾಳಿಯಲ್ಲಿ ಕತ್ತರಿ ಆಡಿಸಿ, ಬೀಳದೇ ಇದ್ದ ಕೂದಲನ್ನು ಭಕ್ತಿಯಿಂದ ಒದರಿ, ‘ಒಳ್ಳೆ ಬೆಳವಣಿಗೆ ಅಣ್ಣ’ ಎನ್ನುತ್ತಿದ್ದ.

ಕಂಪ್ಯೂಟರಿನ ಮುಂದೆ ಕೂತವನಿಗೆ ತನ್ನ ಹಳೆಯ ಕೆಲಸವೇ ಹೊಸ ಸಮವಸ್ತ್ರ ತೊಟ್ಟು ಎದುರಿಗೆ ಬಂದಂತಾಯಿತು. ಯಾವ ವೆಬ್‌ಸೈಟಿನ ಹೆಸರು ಕೊಟ್ಟರೂ ಅದು ಎಂದು ಹುಟ್ಟಿತು, ಯಾರ ಕೈಲಿದೆ ಎಂದು ಜಾತಕ ತೆಗೆದುಕೊಡುವ ಜಾಗವೊಂದಿತ್ತು. ಅದರ ಭದ್ರತೆಗೆ ಅಂಕ ಹಾಕುವ ಜಾಗ ಇನ್ನೊಂದು. ದೂರದ ಯಂತ್ರವನ್ನು ‘ಇದ್ದೀಯಾ?’ ಎಂದು ಕೂಗಿ, ‘ಇದ್ದೀನಿ’ ಎಂದು ಅದು ಓಗೊಡಲು ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕುವುದು ಮತ್ತೊಂದು. ಎಲ್ಲವೂ ಪುಕ್ಕಟೆ. ಇಷ್ಟು ಸಾಲದೆ ವಿಳಾಸದ ಪಕ್ಕದಲ್ಲೊಂದು ಪುಟ್ಟ ಬೀಗದ ಗುರುತು. ಅದನ್ನು ಕಂಡ ದಿನ ಅವನು ಊಟ ಮರೆತ.

ಅಲ್ಲಿಂದ ಎದುರಿಗೆ ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: ‘ಬೀಗ ಇದೆಯಾ?’ ಔಷಧದಂಗಡಿ, ಹಲ್ಲಿನ ಡಾಕ್ಟರು, ಸ್ವಂತ ಬೀಗರು, ಯಾರನ್ನೂ ಬಿಡಲಿಲ್ಲ. ಊರವರು ಸುಮ್ಮನಿರುತ್ತಾರೆಯೇ? ಬೀಗದಣ್ಣ ಎಂದು ಹೆಸರಿಟ್ಟರು.

‘ಬೀಗ ಇದ್ರೆ ಒಳಗೆ ಕಳ್ಳ ಇಲ್ಲ ಅಂತ ಹೇಗೆ ಹೇಳ್ತೀರಿ?’ ಎಂದು ಹೆಂಡತಿ ಒಮ್ಮೆ ಕೇಳಿದಳು. ಸೂಜಿಯಿಂದ ಕಣ್ಣೆತ್ತಿರಲಿಲ್ಲ. ‘ಕಳ್ಳನೂ ಮನೆಗೆ ಬೀಗ ಹಾಕ್ಕೊಳ್ತಾನೆ.’

‘ನಿನಗೆ ನೆಟ್‌ವರ್ಕ್ ಅರ್ಥವಾಗಲ್ಲ ಬಿಡೇ’ ಎಂದ ಬೀಗದಣ್ಣ.

ಬೀಗ ಹೇಳುವುದು ಇಷ್ಟೇ: ನಿನಗೂ ಆ ಮನೆಗೂ ನಡುವೆ ನಡೆಯುವ ಮಾತನ್ನು ದಾರಿಯಲ್ಲಿ ಯಾರೂ ಕದ್ದು ಕೇಳುತ್ತಿಲ್ಲ. ಮನೆಯೊಳಗಿರುವವನು ಸಾಧುವೋ ಸುಳ್ಳನೋ, ಅದು ಬೀಗಕ್ಕೆ ಬೇಡದ ಉಸಾಬರಿ. ಉಪಕರಣಗಳು ಸುಳ್ಳು ಹೇಳುವುದಿಲ್ಲ; ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತವೆ. ಬೀಗದಣ್ಣ ಕೇಳುತ್ತಿದ್ದದ್ದು ತನಗೆ ಇಷ್ಟವಾದ ಉತ್ತರ ಬರುವ ಪ್ರಶ್ನೆಗಳನ್ನು ಮಾತ್ರ. ತಮ್ಮ ಅಂಗಡಿಯ ಹೆಸರಿನ ಜಾತಕವನ್ನು ಅವನು ದಿನವೂ ತೆಗೆಯುತ್ತಿದ್ದ. ಹುಟ್ಟಿದ ದಿನ ಎಂಬ ಸಾಲು ಓದಿ, ‘ಎಷ್ಟು ಹಳೇ ಹೆಸರು ನೋಡು, ಹಳೇದಾದಷ್ಟೂ ನಂಬಿಕೆ’ ಎಂದು ಮೀಸೆ ತಿರುವುತ್ತಿದ್ದ. ಅದರ ಕೆಳಗೇ ಅವಧಿ ಮುಗಿಯುವ ದಿನ ಎಂಬ ಸಾಲಿತ್ತು. ಅಲ್ಲಿಗೆ ಕಣ್ಣು ಇಳಿಯುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ವೆಬ್‌ಸೈಟಿನ ಹೆಸರನ್ನು ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟ ಕಂಪನಿಯೇನೂ ಸುಮ್ಮನೆ ಕೂತಿರಲಿಲ್ಲ. ‘ನಿಮ್ಮ ಹೆಸರಿನ ಅವಧಿ ಮುಗಿಯುತ್ತಿದೆ, ತಕ್ಷಣ ನವೀಕರಿಸಿ’ ಎಂದು ಇಮೇಲ್ ಮೇಲೆ ಇಮೇಲ್ ಹಾಕಿತು. ಬೀಗದಣ್ಣ ಅವುಗಳನ್ನು ಮುದ್ದಾಂ ಕಟಿಂಗ್ ಶಾಪಿಗೆ ಒಯ್ದು ಗಟ್ಟಿಯಾಗಿ ಓದಿದ. ‘ತಕ್ಷಣ ಅಂತಾನೆ, ಕೇಳಿದ್ರಾ? ಅವಸರ ಮಾಡೋನು ಕಳ್ಳ. ಇದು ಮೊದಲನೇ ಪಾಠ.’ ಆಮೇಲೆ ಆ ಕಂಪನಿಯಿಂದ ಬರುವುದೆಲ್ಲ ನೇರ ಕಸದ ಬುಟ್ಟಿಗೇ ಬೀಳುವಂತೆ ಮಾಡಿಟ್ಟ. ಕೊನೆಗೆ ಕಂಪನಿಯ ಹುಡುಗಿಯೊಬ್ಬಳು ಫೋನನ್ನೇ ಮಾಡಿದಳು.

‘ನೀನು ಕಂಪನಿಯವಳೇ ಅನ್ನೋದಕ್ಕೆ ಏನಮ್ಮ ಗ್ಯಾರಂಟಿ? ನಿಮ್ಮ ಆಫೀಸಿನ ಗೋಡೆ ಬಣ್ಣ ಯಾವುದು ಹೇಳು.’

‘ಬಿಳಿ ಸರ್.’

‘ಕಳ್ಳರೆಲ್ಲ ಬಿಳಿ ಅಂತಲೇ ಹೇಳೋದು’ ಎಂದು ಫೋನಿಟ್ಟ. ಆ ಗೆಲುವಿನ ಅಮಲು ಬಹಳ ದಿನ ಇಳಿಯಲಿಲ್ಲ.

ಆರ್ಡರುಗಳು ಮಾತ್ರ ನಿಂತೇ ಹೋದವು. ಲೋಕದಲ್ಲಿ ಬೋಳುತಲೆಗೆ ಬರ ಬಂತೋ ಏನೋ ಎಂದು ಕೂದಲಕ್ಕ ಯೋಚಿಸುತ್ತಿರುವಾಗ, ಒಂದು ದಿನ ಹಿಂಬಾಗಿಲು ತಟ್ಟಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಒಳಗೆ ಬಂದ. ಕಿವಿಯ ತನಕ ಟೋಪಿ ಎಳೆದುಕೊಂಡಿದ್ದ.

‘ಅಕ್ಕಾ, ವಿಗ್ ಬಿಟ್ಟು ಚಪ್ಪಲಿಗೆ ಇಳಿದ್ರಾ? ನಿಮ್ಮ ವೆಬ್‌ಸೈಟ್ ತೆಗೆದ್ರೆ ಬರೀ ಚಪ್ಪಲಿ ಜಾಹೀರಾತು. ತಲೆಯಿಂದ ಕಾಲಿಗೆ ಬಂದ್ಬಿಟ್ರಲ್ಲ.’

ಬೀಗದಣ್ಣ ಅವನನ್ನು ಕೂರಿಸಿಕೊಂಡು ಪರೀಕ್ಷೆಗೆ ತೊಡಗಿದ. ಕೂಗಿದ, ದೂರದ ಯಂತ್ರ ಓಗೊಟ್ಟಿತು. ಬೀಗ ನೋಡಿದ, ಬೀಗ ಇತ್ತು. ಅಂಕ ನೋಡಿದ, ಹಿಂದಿಗಿಂತ ಹೆಚ್ಚಿತ್ತು.

‘ಎಲ್ಲಾ ಸರಿ ಇದೆ’ ಎಂದು ತೀರ್ಪು ಕೊಟ್ಟ.

ಹೆಂಡತಿ ಸೂಜಿ ಕೆಳಗಿಟ್ಟು ಎದ್ದು ಬಂದಳು. ‘ಬೀಗ ಇದೆ ಸರಿ. ಮನೆ ಯಾರದು ರೀ?’

ಆಗ ಬೀಗದಣ್ಣನ ಕಣ್ಣು ಮೊದಲ ಸಲ ಒಂದು ಸಾಲು ಕೆಳಗಿಳಿಯಿತು. ಅವಧಿ ಎಂದೋ ಮುಗಿದಿತ್ತು; ಖಾಲಿ ಬಿದ್ದ ಹೆಸರಿಗೆ ಕಂಪನಿಯೇ ತನ್ನ ಬೀಗ ಹಾಕಿ ಚಪ್ಪಲಿ ಜಾಹೀರಾತು ಅಂಟಿಸಿತ್ತು. ಮೈಯಲ್ಲಿದ್ದ ರಕ್ತವೆಲ್ಲ ಪಾದಕ್ಕಿಳಿದು, ಅಲ್ಲಿಂದ ಆಚೆ ಬೀದಿಗೂ ಹರಿದುಹೋದಂತಾಯಿತು. ಕಸದ ಬುಟ್ಟಿಯಿಂದ ಕಂಪನಿಯ ನಂಬರು ಹೆಕ್ಕಿ ತೆಗೆದು ಫೋನ್ ಮಾಡಿದ. ಎತ್ತಿದವಳು ಅದೇ ಹುಡುಗಿ.

‘ಗೊತ್ತಾಯ್ತು ಸರ್. ಗೋಡೆ ಈಗಲೂ ಬಿಳಿಯೇ ಇದೆ’ ಎಂದಳು. ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. ‘ವಾಪಸ್ ಪಡೆಯೋಕೆ ಇವತ್ತು ಆಫೀಸ್ ಮುಚ್ಚೋವರೆಗೆ ಟೈಮಿದೆ. ಆಮೇಲೆ ಯಾರು ಬೇಕಾದ್ರೂ ತಗೋಬಹುದು. ಆಗಲೇ ಒಬ್ಬರು ಕಾಯ್ತಿದ್ದಾರೆ, ಅವರದೂ ವಿಗ್ ವ್ಯಾಪಾರವಂತೆ.’

ಕೂದಲಕ್ಕ ಮರದ ತಲೆಯೊಂದನ್ನು ಮಗುವಿನಂತೆ ಅವುಚಿಕೊಂಡಳು. ವರ್ಷಗಟ್ಟಲೆ ಗಂಟು ಹಾಕಿ ಗಳಿಸಿದ ಹೆಸರು ಅದು. ಇನ್ನು ಮೇಲೆ ಅದನ್ನು ನಂಬಿ ಬರುವ ಬೋಳುತಲೆಗಳೆಲ್ಲ ಬೇರೆಯವನ ಬಲೆಗೆ.

‘ಹಾಗಾದ್ರೆ ತಕ್ಷಣ ನವೀಕರಿಸಿ’ ಎಂದ ಬೀಗದಣ್ಣ.

‘ತಕ್ಷಣ ಅಂತೀರಾ ಸರ್? ಅವಸರ ಮಾಡೋರನ್ನ ನಾವು ಸ್ವಲ್ಪ ಪರೀಕ್ಷೆ ಮಾಡ್ಬೇಕಾಗತ್ತೆ. ನಿಮ್ಮ ಖಾತೆಗೆ ನೀವೇ ಅತಿ ಬಿಗಿ ಕಾವಲು ಹಾಕಿಸಿದ್ದೀರಿ. ಸಾಮಾನ್ಯವಾಗಿ ಯಾರೂ ಹಾಕಿಸಲ್ಲ. ಕ್ಯಾಮೆರಾದಲ್ಲಿ ಮುಖ ತೋರಿಸ್ಬೇಕು, ನೀವು ಕೊಟ್ಟ ಗುರುತಿನ ಚೀಟಿಯ ಫೋಟೋಗೆ ಹೊಂದ್ಬೇಕು.’

ಬೀಗದಣ್ಣ ಕ್ಯಾಮೆರಾ ಹಾಕಿ ಎದೆ ಸೆಟೆಸಿ ಕೂತ.

‘ಹೊಂದ್ತಾ ಇಲ್ಲ ಸರ್. ಚೀಟಿಯಲ್ಲಿರೋರಿಗೆ... ಅವರು ಬೇರೆ ಥರ ಇದ್ದಾರೆ.’

ಅದು ಇಲಾಖೆಯ ಹಳೆಯ ಚೀಟಿ. ವಿಗ್ಗಿಗಿಂತ ಮುಂಚಿನದು. ಅದರಲ್ಲಿ ಅವನ ತಲೆ ಎಷ್ಟು ನುಣ್ಣಗೆ ಹೊಳೆಯುತ್ತಿತ್ತೆಂದರೆ, ಫೋಟೋ ತೆಗೆದವನು ಆ ದಿನ ಬಲ್ಬು ಹಚ್ಚಿರಲಿಲ್ಲ.

‘ಅದು ನಾನೇ ಕಣಮ್ಮ.’

‘ಕಳ್ಳರೂ ಹಾಗೇ ಹೇಳ್ತಾರಲ್ಲ ಸರ್.’

ಗಲಾಟೆ ಕೇಳಿ ಕಟಿಂಗ್‌ನವನು ಬಾಚಣಿಗೆ ಹಿಡಿದೇ ಬಂದು ಬಾಗಿಲಲ್ಲಿ ನಿಂತ. ಮೇಷ್ಟ್ರು ಎದ್ದು ಹೋಗಲೂ ಆಗದೆ, ಕೂರಲೂ ಆಗದೆ ಅರ್ಧಕ್ಕೆ ಬಗ್ಗಿದ್ದ. ಬೀಗದಣ್ಣ ಗಡಿಯಾರ ನೋಡಿದ, ಬಾಗಿಲು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಮರದ ತಲೆಯನ್ನು ಇನ್ನಷ್ಟು ಅವುಚಿಕೊಂಡಳು. ಲೋಕದ ತಕ್ಕಡಿಗಳನ್ನೆಲ್ಲ ತಲೆಕೆಳಗು ಮಾಡಿ ನೋಡಿದ ಕೈ ನಿಧಾನವಾಗಿ ಮೇಲೆದ್ದು, ಹಣೆಯ ಅಂಚು ಹುಡುಕಿ, ಪಟ್ಟನೆ ಎಳೆಯಿತು.

ಅಂಗಡಿಯೊಳಗೆ ಬೆಳಕು ಹೆಚ್ಚಾಯಿತು.

‘ಈಗ ಸರಿಹೋಯ್ತು ಸರ್’ ಎಂದಳು ಹುಡುಗಿ. ‘ಹೆಸರು ನಿಮಗೇ ಬಂತು.’

‘ನನಗೆ ಬೇಡ. ಇವಳ ಹೆಸರಿಗೇ ಬರೆದುಬಿಡು’ ಎಂದ ಬೀಗದಣ್ಣ. ದನಿ ತೂಕದಲ್ಲಿ ಬಹಳ ಕಮ್ಮಿ ಬಂತು.

ಕೂದಲಕ್ಕ ಮರದ ತಲೆಯನ್ನು ಮೇಜಿನ ಮೇಲಿಟ್ಟು, ಗಂಡನ ಕೈಯಿಂದ ವಿಗ್ ತೆಗೆದುಕೊಂಡು, ಧೂಳು ಕೊಡವುತ್ತ, ‘ಬರೆಯಮ್ಮ. ಕಾವಲು ಮಾತ್ರ ಸಾಧಾರಣದ್ದೇ ಇರಲಿ’ ಎಂದಳು.

ಮೇಷ್ಟ್ರು ಬಾಯಿ ಮುಚ್ಚುವುದನ್ನು ಮರೆತು ನಿಂತಿದ್ದ. ಟೋಪಿ ಕೈಗೆ ಬಂದಿತ್ತು. ‘ಅಕ್ಕಾ, ಇಷ್ಟು ಹೊತ್ತು ಮೂಗಿಗೆ ಮೂಗು ತಾಗೋ ಹಾಗೆ ಕೂತಿದ್ದೆ, ಗೊತ್ತೇ ಆಗ್ಲಿಲ್ಲ. ಅಣ್ಣನ ಹತ್ರ ಇರೋ ಮಾಲೇ ನನಗೂ ಬೇಕು.’

‘ನೋಡಿದ್ರಾ?’ ಎಂದಳು ಕೂದಲಕ್ಕ ಗಂಡನಿಗೆ. ‘ಇದಕ್ಕೆ ಎಷ್ಟು ಅಂಕ ಕೊಡ್ತೀರಿ?’

ಬೀಗದಣ್ಣ ಕಟಿಂಗ್‌ನವನ ಮುಖವನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಆಶ್ಚರ್ಯದ ಒಂದು ಎಳೆಯೂ ಇರಲಿಲ್ಲ.

‘ನಿನಗೆ ಮೊದಲೇ ಗೊತ್ತಿತ್ತೇನೋ?’

‘ನನಗೇನು ಗೊತ್ತಣ್ಣ’ ಎಂದ ಕಟಿಂಗ್‌ನವನು, ಬಾಚಣಿಗೆಯನ್ನು ಜೇಬಿಗೆ ಸೇರಿಸುತ್ತ. ‘ನೀವು ಕಟಿಂಗ್ ಮಾಡು ಅಂದ್ರಿ, ಮಾಡಿದೆ. ಈ ತಿಂಗಳು ಬರ್ತೀರಿ ತಾನೇ?’

ಬೀಗದಣ್ಣ ಬೋಳುತಲೆಯನ್ನು ಒಮ್ಮೆ ಸವರಿಕೊಂಡ. ಆಮೇಲೆ ಅಷ್ಟೇ ಗಂಭೀರವಾಗಿ, ‘ಬರ್ತೀನಿ. ಹೋದ ಸಲ ನೀನು ಬಲಗಡೆ ಸ್ವಲ್ಪ ಜಾಸ್ತಿ ಬಿಟ್ಟಿದ್ದೆ’ ಎಂದ.